ಶ್ರೀಲಂಕಾದ ಹೊಸ ಅಧ್ಯಕ್ಷರು ಸಿದ್ಧಾಂತ ಹಿಡಿದು ಆಳುವರೋ, ಹದವರಿತು ಆಳುವರೋ?

ಪ್ರಶ್ನೆ
ಸೇಡಂ ರಸ್ತೆಯ ಅಧ್ಯಾಪಕಿ, ಕಲಬುರಗಿ
22 ಡಿಸೆಂಬರ್ 2024

ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಶ್ರೀಲಂಕಾದ ಅಧ್ಯಕ್ಷ ಅನುರ ಕುಮಾರ ದಿಸ್ಸನಾಯಕೆ ಅವರು ಕಳೆದ ವಾರ ದೆಹಲಿಗೆ ಬಂದು ಹೋದ ಸುದ್ದಿ ತರಗತಿಯಲ್ಲಿ ಚರ್ಚೆಗೆ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಭಾರತೀಯ ವಿಸ್ತರಣಾವಾದ ಎಂಬ ಪಾಠವನ್ನು ತನ್ನ ಕಾರ್ಯಕರ್ತರಿಗೆ ಕಡ್ಡಾಯವಾಗಿ ಹೇಳಿಕೊಡುತ್ತಿದ್ದ ಪಕ್ಷದ ನಾಯಕರು ಮೊದಲ ವಿದೇಶ ಪ್ರವಾಸಕ್ಕೆ ಭಾರತವನ್ನೇ ಆರಿಸಿಕೊಂಡಿದ್ದಾರೆ. ಆ ಪಕ್ಷ ಬದಲಾಗಿದೆ ಎನ್ನಬೇಕೋ, ಸಮಯ ಕಾಯುತ್ತಿದೆ ಎನ್ನಬೇಕೋ?’ ಎಂದು ಕೇಳಿದ. ಅಧಿಕಾರಕ್ಕೆ ಬಂದವರೆಲ್ಲ ಮೆತ್ತಗಾಗುತ್ತಾರೆ ಎಂದು ನಾನು ಉತ್ತರಿಸಿದೆ. ಆದರೆ ಮನೆಗೆ ಬಂದ ಮೇಲೆ, ಯೋಚಿಸದೆ ಕೊಟ್ಟ ಆ ಉತ್ತರ ನನ್ನನ್ನೇ ಕಾಡತೊಡಗಿತು.

ಹಿನ್ನೆಲೆ ತಿಳಿಯದವರಿಗಾಗಿ ನಾಲ್ಕು ಮಾತು. ದಿಸ್ಸನಾಯಕೆ ಅವರ ಮೂಲ ಪಕ್ಷವಾದ ಜನತಾ ವಿಮುಕ್ತಿ ಪೆರಮುನವನ್ನು, ಅಂದರೆ ಜೆವಿಪಿಯನ್ನು, ರೋಹಣ ವಿಜೆವೀರ ಅವರು 1965ರಲ್ಲಿ ಕಟ್ಟಿದರು. 1971ರಲ್ಲಿ ಒಮ್ಮೆ, ಭಾರತ–ಶ್ರೀಲಂಕಾ ಒಪ್ಪಂದದ ವಿರುದ್ಧ 1987ರಿಂದ 1989ರವರೆಗೆ ಇನ್ನೊಮ್ಮೆ, ಅದು ಸರ್ಕಾರದ ಮೇಲೆ ಸಶಸ್ತ್ರ ಬಂಡಾಯ ಹೂಡಿತು. ಎರಡನೆಯ ಬಂಡಾಯದಲ್ಲಿ ಎರಡೂ ಕಡೆಯಿಂದ ನಡೆದ ಹತ್ಯೆಗಳ ನೆನಪು ದಕ್ಷಿಣದ ಸಿಂಹಳ ಹಳ್ಳಿಗಳಲ್ಲಿ ಇಂದಿಗೂ ಮಾಸಿಲ್ಲ. ದಿಸ್ಸನಾಯಕೆ ಅವರು ಆ ಕಾಲದಲ್ಲೇ ವಿದ್ಯಾರ್ಥಿಯಾಗಿ ಪಕ್ಷ ಸೇರಿದವರು. 2014ರಲ್ಲಿ ಅದರ ನಾಯಕರಾದರು. ಅಂದಿನ ಹಿಂಸೆಗಾಗಿ ಅದೇ ವರ್ಷ ಕ್ಷಮೆಯನ್ನೂ ಕೇಳಿದರು. 2019ರ ಅಧ್ಯಕ್ಷ ಚುನಾವಣೆಯಲ್ಲಿ ಅವರಿಗೆ ಬಂದ ಮತ ಶೇ 3ರಷ್ಟು ಮಾತ್ರ. ಅಲ್ಲಿ ಮತದಾರರು ಅಭ್ಯರ್ಥಿಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸಬಹುದು. ಈ ಸೆಪ್ಟೆಂಬರ್ 21ರಂದು ಮೊದಲ ಪ್ರಾಶಸ್ತ್ಯದ ಶೇ 42ರಷ್ಟು ಮತ ಪಡೆದು, ಆ ದೇಶದ ಇತಿಹಾಸದಲ್ಲೇ ಮೊದಲ ಬಾರಿಗೆ ನಡೆದ ಎರಡನೆಯ ಪ್ರಾಶಸ್ತ್ಯದ ಎಣಿಕೆಯ ನಂತರ ಅವರು ಗೆದ್ದರು. ನವೆಂಬರ್ 14ರ ಸಂಸತ್ ಚುನಾವಣೆಯಲ್ಲಿ ಅವರ ನ್ಯಾಷನಲ್ ಪೀಪಲ್ಸ್ ಪವರ್ ಮೈತ್ರಿಕೂಟಕ್ಕೆ 225ರಲ್ಲಿ 159 ಸ್ಥಾನಗಳು ಬಂದವು. ಹಿಂದಿನ ಸಂಸತ್ತಿನಲ್ಲಿ ಅವರಿಗಿದ್ದದ್ದು ಮೂರೇ ಮೂರು ಸ್ಥಾನ.

ಮೂರರಿಂದ 159ಕ್ಕೆ ಏರಿದ ಪಕ್ಷ ತನ್ನ ಹಳೆಯ ನಂಬಿಕೆಗಳನ್ನು ಏನು ಮಾಡುತ್ತದೆ? ಅಂತಹ ಪಕ್ಷದ ನಡೆಯನ್ನು ಅಳೆಯಲು ನಾವು ಯಾವ ಗುರುತುಗಳನ್ನು ನೋಡಬೇಕು? ತಿಳಿದವರು ವಿಸ್ತಾರವಾಗಿಯೇ ಬರೆಯಬೇಕೆಂದು ಕೋರುತ್ತೇನೆ. ಆ ಹುಡುಗನಿಗೆ ಸರಿಯಾದ ಉತ್ತರ ಕೊಡುವುದು ನನ್ನ ಮೇಲಿರುವ ಬಾಕಿ.


ಉತ್ತರ 1
ನಿವೃತ್ತ ಬ್ಯಾಂಕ್ ನೌಕರ, ಬೀದರ್

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವನಾದ್ದರಿಂದ ನಾನು ಇದನ್ನು ಸಾಲದ ಖಾತೆಯ ಕಡೆಯಿಂದ ನೋಡುತ್ತೇನೆ. ಕಂತು ಕಟ್ಟಲಾಗದೆ ಕುಸಿದ ವ್ಯಾಪಾರಿಯೊಬ್ಬನ ಸಾಲವನ್ನು ಮರುಹೊಂದಾಣಿಕೆ ಮಾಡಿಕೊಟ್ಟ ಮೇಲೆ ಅಂಗಡಿ ಅವನದೇ ಆಗಿರುತ್ತದೆ, ಗಲ್ಲೆಯ ಮೇಲೆ ಕೂರುವವನೂ ಅವನೇ; ಆದರೆ ಪ್ರತಿ ತಿಂಗಳು ಸರಕಿನ ಲೆಕ್ಕವನ್ನು ನಮ್ಮ ಮೇಜಿನ ಮೇಲೆ ತಂದಿಡದೆ ಅವನು ಹೊಸ ಮಾಲು ತರಿಸುವಂತಿಲ್ಲ. ಅಂಗಡಿಗೆ ಅಪ್ಪನ ಬದಲು ಮಗ ಬಂದು ಕೂತರೂ ಆ ಷರತ್ತು ಬದಲಾಗುವುದಿಲ್ಲ. ಶ್ರೀಲಂಕಾ ಈಗ ಇರುವುದು ಅದೇ ಸ್ಥಿತಿಯಲ್ಲಿ.

2022ರ ಏಪ್ರಿಲ್ 12ರಂದು ಆ ದೇಶವು ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಜುಲೈನಲ್ಲಿ ಜನ ಅಧ್ಯಕ್ಷರ ಮನೆಯೊಳಗೆ ನುಗ್ಗಿದರು, ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋದರು. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಸುಮಾರು 300 ಕೋಟಿ ಡಾಲರ್ ನೆರವನ್ನು ನಾಲ್ಕು ವರ್ಷಗಳ ಅವಧಿಗೆ ಒಪ್ಪಿಕೊಂಡಿತು. ಅದರ ಮುಖ್ಯ ಷರತ್ತೆಂದರೆ, ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದಾಗ ಸರ್ಕಾರದ ವರಮಾನವು ವೆಚ್ಚಕ್ಕಿಂತ ಜಿಡಿಪಿಯ ಶೇ 2.3ರಷ್ಟು ಹೆಚ್ಚಿರಬೇಕು. ಇಷ್ಟು ಬಿಗಿಯಾದ ಪಟ್ಟಿಯೊಳಗೆ ಸಮಾಜವಾದಕ್ಕೂ ಜಾಗವಿಲ್ಲ, ಉದಾರವಾದಿಗಳು ಬಯಸುವ ತೆರಿಗೆ ಕಡಿತಕ್ಕೂ ಜಾಗವಿಲ್ಲ.

ಸಾಲದ ಹೊರೆಯ ಬಗ್ಗೆ ತಮ್ಮದೇ ಬೇರೆ ಲೆಕ್ಕಾಚಾರ ಮುಂದಿಡುತ್ತೇವೆ ಎಂದು ದಿಸ್ಸನಾಯಕೆ ಅವರ ಪಕ್ಷ ಚುನಾವಣೆಗೆ ಮೊದಲು ಹೇಳುತ್ತಿತ್ತು. ಗೆದ್ದ ಮೇಲೆ ಏನಾಯಿತು ನೋಡಿ. ಹಿಂದಿನ ಸರ್ಕಾರದ ಕಾಲದ ಕೇಂದ್ರ ಬ್ಯಾಂಕಿನ ಗವರ್ನರ್ ನಂದಲಾಲ್ ವೀರಸಿಂಘೆ ಅವರನ್ನೇ ಮುಂದುವರಿಸಿದರು. ಖಜಾನೆಯ ಕಾರ್ಯದರ್ಶಿಯನ್ನೂ ಬದಲಿಸಲಿಲ್ಲ. ನವೆಂಬರ್ 23ರಂದು ಐಎಂಎಫ್ ಅಧಿಕಾರಿಗಳ ಜೊತೆ ಮೂರನೆಯ ಪರಿಶೀಲನೆಯ ಒಪ್ಪಂದವಾಯಿತು, ಈ ತಿಂಗಳು ವಿದೇಶಿ ಬಾಂಡ್‌ಗಳ ವಿನಿಮಯವೂ ಮುಗಿಯಿತು. ಬ್ರೆಜಿಲ್‌ನಲ್ಲಿ 2002ರಲ್ಲಿ ಲೂಲಾ ಅವರು ಮಾಡಿದ್ದೂ ಇದನ್ನೇ. ಚುನಾವಣೆಗೆ ಮೊದಲೇ ಜನರಿಗೆ ಬಹಿರಂಗ ಪತ್ರ ಬರೆದು, ದೇಶದ ಒಪ್ಪಂದಗಳನ್ನು ಗೌರವಿಸುತ್ತೇನೆ ಎಂದರು. ಕೇಂದ್ರ ಬ್ಯಾಂಕಿಗೆ ಹಣಕಾಸು ವಲಯದ ವ್ಯಕ್ತಿಯನ್ನೇ ತಂದು ಕೂರಿಸಿದರು. ಆಮೇಲಷ್ಟೇ, 2003ರಲ್ಲಿ, ಬಡ ಕುಟುಂಬಗಳಿಗೆ ನೇರ ಹಣ ಕೊಡುವ ಯೋಜನೆಗೆ ಕೈ ಹಾಕಿದರು. ಮೊದಲು ಎದುರು ನಿಂತು ಆಮೇಲೆ ಮಣಿದವರು ಗ್ರೀಸಿನ ಸಿಪ್ರಾಸ್. 2015ರ ಜುಲೈ ಜನಮತದಲ್ಲಿ ಶೇ 61ರಷ್ಟು ಜನ ಸಾಲದಾತರ ಷರತ್ತು ಬೇಡವೆಂದರು, ಕೆಲವೇ ವಾರಗಳಲ್ಲಿ ಅದೇ ಪ್ರಧಾನಿ ಅಷ್ಟೇ ಕಠಿಣ ಷರತ್ತುಗಳಿಗೆ ಸಹಿ ಹಾಕಬೇಕಾಯಿತು.

ನಮ್ಮ ಕಲ್ಯಾಣದ ನೆಲದಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಬಿಜ್ಜಳನ ಭಂಡಾರದ ಹೊಣೆ ಹೊತ್ತವರೇ ತಮ್ಮ ಕಾಲದ ಅತಿ ದೊಡ್ಡ ಸಾಮಾಜಿಕ ಚಳವಳಿಯನ್ನೂ ನಡೆಸಿದರು. ಭಂಡಾರದ ಲೆಕ್ಕ ಒಂದು ಕೈಯಲ್ಲಿ, ನಂಬಿದ ತತ್ವ ಇನ್ನೊಂದು ಕೈಯಲ್ಲಿ. ಬಸವಕಲ್ಯಾಣಕ್ಕೆ ಹೋದಾಗಲೆಲ್ಲ ನನಗೆ ಆ ಹೊಣೆಯ ಭಾರದ ನೆನಪಾಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಮುಂದಿನ ಎರಡು ಮೂರು ವರ್ಷ ದಿಸ್ಸನಾಯಕೆ ಅವರು ಹದವರಿತೇ ಆಳುತ್ತಾರೆ. ಬೇರೆ ದಾರಿಯನ್ನು ಸಾಲದ ಪತ್ರವೇ ಮುಚ್ಚಿದೆ.


ಉತ್ತರ 2
ಎಡದಂಡೆ ಕಾಲುವೆಯ ರೈತ, ಶಹಾಪುರ, ಯಾದಗಿರಿ ಜಿಲ್ಲೆ

ಬ್ಯಾಂಕಿನ ಹಿರಿಯರು ಸಾಲದ ಪತ್ರದ ಬಗ್ಗೆ ಬರೆದದ್ದು ಸರಿಯಾಗಿದೆ. ಆದರೆ ಆ ದೇಶವನ್ನು ಸಾಲಕ್ಕೆ ದೂಡಿದ ಕಾರಣಗಳಲ್ಲಿ ಒಂದನ್ನು ಅವರು ಮುಟ್ಟಲೇ ಇಲ್ಲ. ಅದು ರೈತನ ಗದ್ದೆಯಲ್ಲಿ ನಡೆದ ಸಂಗತಿ, ಆದ್ದರಿಂದ ನಾನು ಬರೆಯುತ್ತೇನೆ.

2021ರ ಏಪ್ರಿಲ್ ಕೊನೆಯಲ್ಲಿ ಅಂದಿನ ಅಧ್ಯಕ್ಷ ಗೋಟಬಯ ಅವರು ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ನಿಲ್ಲಿಸುವುದಾಗಿ ಘೋಷಿಸಿದರು, ಮೇ ತಿಂಗಳಲ್ಲಿ ಆದೇಶ ಹೊರಟಿತು. ಹತ್ತು ವರ್ಷಗಳಲ್ಲಿ ದೇಶವನ್ನು ಸಾವಯವ ಕೃಷಿಗೆ ತರುತ್ತೇವೆ ಎಂದು ಅವರ ಪ್ರಣಾಳಿಕೆಯಲ್ಲಿತ್ತು. ಹತ್ತು ವರ್ಷಗಳ ಕೆಲಸವನ್ನು ಒಂದು ಗೆಜೆಟ್‌ನಲ್ಲಿ ಮುಗಿಸಿದರು. ಡಾಲರ್ ಉಳಿಸುವ ಉದ್ದೇಶವೂ ಅದರ ಹಿಂದಿತ್ತು ಎನ್ನುತ್ತಾರೆ. ಹೇಳಿಕೊಂಡ ಕಾರಣ ಮಾತ್ರ ಸಿದ್ಧಾಂತದ್ದು. ಭತ್ತ ನೆಲಕಚ್ಚಿತು, ಚಹಾ ತೋಟಗಳಿಗೆ ಪೆಟ್ಟು ಬಿತ್ತು, ಅಕ್ಕಿಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ತರಿಸಿಕೊಳ್ಳಬೇಕಾಯಿತು. ನವೆಂಬರ್ ಹೊತ್ತಿಗೆ ಆದೇಶವನ್ನು ಹಿಂತೆಗೆದುಕೊಂಡರು, ಆದರೆ ಅವರು ‘ಮಹಾ’ ಎಂದು ಕರೆಯುವ ಮುಖ್ಯ ಹಂಗಾಮು ಆಗಲೇ ಆರಂಭವಾಗಿತ್ತು.

ಈ ಸಂಗತಿ ನನಗೆ ಕಾಗದದ ಸುದ್ದಿಯಂತೆ ಕಾಣುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ನಾನು ನಾಲ್ಕು ಎಕರೆ ಭತ್ತ ಬೆಳೆಯುತ್ತೇನೆ. ಒಂದು ವರ್ಷ ನಾಟಿ ಮಾಡಿ ಇಪ್ಪತ್ತು ದಿನವಾದರೂ ಯೂರಿಯಾ ಸಿಗಲಿಲ್ಲ. ನಸುಕಿನಲ್ಲಿ ಎದ್ದು ಗೊಬ್ಬರದ ಅಂಗಡಿಯ ಮುಂದೆ ಸರದಿಯಲ್ಲಿ ಚಪ್ಪಲಿ ಬಿಟ್ಟು ಜಾಗ ಹಿಡಿಯುತ್ತಿದ್ದೆವು. ಬಾಗಿಲು ತೆರೆದ ಮೇಲೆ ಆಧಾರ್ ಕಾರ್ಡ್‌ಗೆ ಎರಡೇ ಚೀಲ ಎನ್ನುತ್ತಿದ್ದರು. ಮೊದಲು ಕೆಳಗಿನ ಎಲೆಗಳ ತುದಿ ಹಳದಿಯಾಯಿತು, ವಾರದೊಳಗೆ ಗದ್ದೆಯೇ ಅರಿಸಿನ ಚೆಲ್ಲಿದಂತೆ ಕಂಡಿತು. ತಡವಾಗಿ ಗೊಬ್ಬರ ಹಾಕಿದಾಗ ಪೈರು ಹಸಿರಾಯಿತು, ಆದರೆ ತೆಂಡೆ ಒಡೆಯುವ ಕಾಲ ಕಳೆದುಹೋಗಿತ್ತು. ಆ ವರ್ಷ ಎಕರೆಗೆ ಹತ್ತು ಚೀಲ ಕಡಿಮೆ ಬಂತು. ಇಪ್ಪತ್ತು ದಿನದ ಕೊರತೆ ನನ್ನ ಗದ್ದೆಗೆ ಇಷ್ಟು ಮಾಡಿದರೆ, ಆರು ತಿಂಗಳ ನಿಷೇಧ ಅಲ್ಲಿನ ರೈತನಿಗೆ ಏನು ಮಾಡಿರಬೇಕು? ನಾನು ಸಾವಯವದ ವಿರೋಧಿಯಲ್ಲ. ಒಂದು ಎಕರೆಯಲ್ಲಿ ಹಸಿರೆಲೆ ಗೊಬ್ಬರ ಮತ್ತು ಕೊಟ್ಟಿಗೆ ಗೊಬ್ಬರದಿಂದಲೇ ಬೆಳೆಯುತ್ತೇನೆ, ಆ ಮಣ್ಣು ಹದಕ್ಕೆ ಬರಲು ಐದು ವರ್ಷ ಹಿಡಿಯಿತು.

ನಾನು ಹೇಳಬೇಕಾದದ್ದು ಇಷ್ಟು. ಗೋಟಬಯ ಅವರನ್ನು ಯಾರೂ ಸಿದ್ಧಾಂತಿ ಎಂದು ಕರೆದಿರಲಿಲ್ಲ. ಸೈನ್ಯದಿಂದ ಬಂದ, ಕೆಲಸ ಮಾಡಿ ಮುಗಿಸುವ ಮನುಷ್ಯ ಎಂದೇ ಜನ ಮತ ಹಾಕಿದರು. ಹೀಗಿರುವಾಗ ಮಾರ್ಕ್ಸ್‌ವಾದಿ ಎಂಬ ಹೆಸರು ನೋಡಿ ಹೆದರುವುದಕ್ಕೂ, ವ್ಯವಹಾರಸ್ಥ ಎಂಬ ಹೆಸರು ನೋಡಿ ನಿಶ್ಚಿಂತರಾಗುವುದಕ್ಕೂ ನಾನು ತಯಾರಿಲ್ಲ. ದಿಸ್ಸನಾಯಕೆ ಅವರು 2004ರಲ್ಲಿ ಸ್ವಲ್ಪ ಕಾಲ ಕೃಷಿ ಮಂತ್ರಿಯಾಗಿದ್ದವರು, ಭತ್ತ ಬೆಳೆಯುವ ಅನುರಾಧಪುರ ಜಿಲ್ಲೆಯ ತಂಬುತ್ತೇಗಮದಲ್ಲಿ ಬೆಳೆದವರು. ಅವರು ಕೃಷಿ ಅಧಿಕಾರಿಗಳ ಮತ್ತು ರೈತರ ಮಾತನ್ನು ಆದೇಶಕ್ಕೆ ಮೊದಲು ಕೇಳುತ್ತಾರೋ, ಆಮೇಲೆ ಕೇಳುತ್ತಾರೋ ಎಂಬುದನ್ನು ನಾನು ನೋಡುತ್ತೇನೆ.


ಉತ್ತರ 3
ಸೇಡಂ ರಸ್ತೆಯ ಅಧ್ಯಾಪಕಿ

ಇಬ್ಬರಿಗೂ ಕೃತಜ್ಞತೆಗಳು. ಶಹಾಪುರದ ರೈತರ ಮಾತು ನನ್ನ ಪ್ರಶ್ನೆಯನ್ನೇ ತಿದ್ದಿತು. ಸಿದ್ಧಾಂತ ಎಷ್ಟಿದೆ ಎಂಬುದು ಒಂದು ವಿಷಯ, ನಿರ್ಧಾರ ಯಾವ ಬಗೆಯಲ್ಲಿ ಆಗುತ್ತದೆ ಎಂಬುದು ಇನ್ನೊಂದು ವಿಷಯ. ಅವೆರಡನ್ನೂ ನಾನು ಒಂದೇ ಎಂದು ಭಾವಿಸಿದ್ದೆ.

ನಮ್ಮ ರಾಜ್ಯದ ಒಂದು ಉದಾಹರಣೆ ಇದಕ್ಕೆ ಹೊಂದುತ್ತದೆ. 1972ರಲ್ಲಿ ಮುಖ್ಯಮಂತ್ರಿಯಾದಾಗ ದೇವರಾಜ ಅರಸು ಅವರನ್ನು ಯಾರೂ ಕ್ರಾಂತಿಕಾರಿ ಎಂದುಕೊಂಡಿರಲಿಲ್ಲ. ಆದರೆ 1974ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕೊನೆಗೊಳಿಸಿತು, ಹಾವನೂರು ಆಯೋಗ ಹಿಂದುಳಿದ ವರ್ಗಗಳಿಗೆ ಬಾಗಿಲು ತೆರೆಯಿತು. ಕೆಂಪು ಬಾವುಟ ಹಿಡಿದ ಅನೇಕರು ಮಾಡಲಾಗದ್ದನ್ನು ಅವರು ನ್ಯಾಯಮಂಡಳಿ, ಅರ್ಜಿ, ವಿಚಾರಣೆಗಳ ಮೂಲಕ ಮಾಡಿದರು. ಅದರ ಫಲ ಕರಾವಳಿ ಮತ್ತು ಮಲೆನಾಡಿಗೆ ಸಿಕ್ಕಷ್ಟು ನಮ್ಮ ಭಾಗಕ್ಕೆ ಸಿಗಲಿಲ್ಲ ಎಂಬ ನೋವು ನನಗೂ ಇದೆ, ಅದು ಬೇರೆಯೇ ಚರ್ಚೆ. ಹದವರಿತವರು ಎನಿಸಿಕೊಂಡವರ ಕೈಯಲ್ಲಿ ಆಳವಾದ ಬದಲಾವಣೆ ಆಗಬಹುದು ಎಂಬುದಕ್ಕೆ ನಾನು ಇದನ್ನು ಎತ್ತಿದೆ. ಅಧ್ಯಕ್ಷ ದಿಸ್ಸನಾಯಕೆ ಅವರ ಕೈಯಲ್ಲೀಗ ಮೂರನೇ ಎರಡರಷ್ಟು ಬಹುಮತವಿದೆ. ಆ ಬಲ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಕಾನೂನು ಬಲ್ಲವರು ಯಾರಾದರೂ ಬಿಡಿಸಿ ಹೇಳುವಿರಾ?


ಉತ್ತರ 4
ವಕೀಲ, ಕಲಬುರಗಿ

ಬಹುಮತದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ, ಸ್ವಲ್ಪ ದೀರ್ಘವಾಗುತ್ತದೆ.

ಶ್ರೀಲಂಕಾದಲ್ಲಿ ಮೂರನೇ ಎರಡರಷ್ಟು ಬಹುಮತ ಸಿಕ್ಕಾಗಲೆಲ್ಲ ಸಂವಿಧಾನದ ಮೇಲೆ ಕೈ ಬಿದ್ದಿದೆ. 1970ರಲ್ಲಿ ಸಿರಿಮಾವೋ ಬಂಡಾರನಾಯಕೆ ಅವರ ಮೈತ್ರಿಕೂಟ ಅಂತಹ ಬಹುಮತದಿಂದ ಗೆದ್ದು 1972ರಲ್ಲಿ ಹೊಸ ಸಂವಿಧಾನ ತಂದಿತು, ಅದರ ಜೊತೆಗೇ ತನ್ನ ಅವಧಿಯನ್ನು ಎರಡು ವರ್ಷ ವಿಸ್ತರಿಸಿಕೊಂಡಿತು. 1977ರಲ್ಲಿ ಜೆ.ಆರ್. ಜಯವರ್ಧನೆ 168ರಲ್ಲಿ 140 ಸ್ಥಾನ ಗೆದ್ದು, 1978ರ ಸಂವಿಧಾನದ ಮೂಲಕ ಆಡಳಿತದ ಮುಖ್ಯ ಅಧಿಕಾರ ಅಧ್ಯಕ್ಷರ ಕೈಯಲ್ಲಿರುವ ಕಾರ್ಯಾಂಗದ ಅಧ್ಯಕ್ಷ ಪದ್ಧತಿಯನ್ನು ತಂದರು. 1982ರಲ್ಲಿ ಚುನಾವಣೆ ನಡೆಸುವ ಬದಲು ಜನಮತದ ಮೂಲಕ ಅದೇ ಸಂಸತ್ತನ್ನು ಮುಂದುವರಿಸಿದರು. 2010ರಲ್ಲಿ ಮಹಿಂದ ರಾಜಪಕ್ಸ ಪಕ್ಷಾಂತರಿಗಳನ್ನು ಸೇರಿಸಿಕೊಂಡು 18ನೇ ತಿದ್ದುಪಡಿ ಮಾಡಿ ಅಧ್ಯಕ್ಷರಿಗೆ ಎರಡೇ ಅವಧಿ ಎಂಬ ಮಿತಿಯನ್ನು ಅಳಿಸಿದರು. 2020ರಲ್ಲಿ ಗೋಟಬಯ 20ನೇ ತಿದ್ದುಪಡಿಯಿಂದ ಅಧಿಕಾರವನ್ನೆಲ್ಲ ಮತ್ತೆ ತಮ್ಮ ಬಳಿ ಎಳೆದುಕೊಂಡರು. ಇವರಲ್ಲಿ ಸಮಾಜವಾದದ ಮಾತಾಡಿದವರಿದ್ದರು, ಮುಕ್ತ ಮಾರುಕಟ್ಟೆಯವರಿದ್ದರು, ಸಿಂಹಳ ರಾಷ್ಟ್ರೀಯತೆಯವರಿದ್ದರು. ಪಕ್ಷಕ್ಕೆ ಬಂದ ಮತಗಳ ಪ್ರಮಾಣದಲ್ಲಿ ಸ್ಥಾನ ಹಂಚುವ ಪ್ರಮಾಣಾನುಗುಣ ಪ್ರಾತಿನಿಧ್ಯ ಜಾರಿಯಾದ ಮೇಲೆ ಬೇರೆಯವರ ನೆರವಿಲ್ಲದೆ ಇಂತಹ ಬಹುಮತ ಪಡೆದ ಮೊದಲಿಗರು ಈಗಿನವರೇ. ಕಾರ್ಯಾಂಗದ ಅಧ್ಯಕ್ಷ ಪದ್ಧತಿಯನ್ನು ರದ್ದು ಮಾಡುತ್ತೇವೆ ಎಂದು ಅವರು ಮಾತು ಕೊಟ್ಟಿದ್ದಾರೆ, ಅಂದರೆ ತಾವು ಕುಳಿತ ಕುರ್ಚಿಯ ಕಾಲನ್ನು ತಾವೇ ಕತ್ತರಿಸಿಕೊಳ್ಳುವ ಮಾತು ಅದು.

ಬೀದರಿನ ಹಿರಿಯರ ಜೊತೆ ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಹಣಕಾಸಿನಲ್ಲಿ ಕೈ ಕಟ್ಟಿದೆ ಎಂಬುದು ನಿಜ. ಆದರೆ ಹಣ ಖರ್ಚಾಗದ ಕೆಲಸಗಳಿವೆ, ಮನುಷ್ಯನ ನಂಬಿಕೆ ನಿಜವಾಗಿ ಹೊರಬೀಳುವುದು ಅಲ್ಲಿ. ಭಯೋತ್ಪಾದನೆ ತಡೆ ಕಾಯ್ದೆಯನ್ನು ನೋಡಿ. 1979ರಲ್ಲಿ ಅದು ಬಂದಾಗ ಶೀರ್ಷಿಕೆಯಲ್ಲೇ ‘ತಾತ್ಕಾಲಿಕ ಉಪಬಂಧಗಳು’ ಎಂದಿತ್ತು. 1982ರಲ್ಲಿ ಅದನ್ನು ಕಾಯಂ ಮಾಡಿದರು. ಇಂದಿಗೂ ಅದು ಜಾರಿಯಲ್ಲಿದೆ. ತಮಿಳರ ಮೇಲೆ ಬಳಸಿದ ಅದೇ ಕಾಯ್ದೆಯನ್ನು 1987–89ರಲ್ಲಿ ಜೆವಿಪಿಯ ಹುಡುಗರ ಮೇಲೂ ಬಳಸಲಾಯಿತು. ಅದನ್ನು ರದ್ದುಪಡಿಸುವುದಾಗಿ ಈ ಪಕ್ಷ ಪ್ರಣಾಳಿಕೆಯಲ್ಲಿ ಬರೆದಿದೆ. ರದ್ದು ಮಾಡಲು ಐಎಂಎಫ್ ಒಪ್ಪಿಗೆ ಬೇಕಿಲ್ಲ, ಒಂದು ರೂಪಾಯಿಯೂ ಬೇಕಿಲ್ಲ.

ಇನ್ನು ಪ್ರಾಂತ್ಯಗಳ ಅಧಿಕಾರ. 1987ರ 13ನೇ ತಿದ್ದುಪಡಿಯಿಂದ ಪ್ರಾಂತೀಯ ಮಂಡಳಿಗಳು ಬಂದವು. ಜೆವಿಪಿ ಎರಡನೆಯ ಬಂಡಾಯ ಹೂಡಿದ್ದೇ ಆ ವ್ಯವಸ್ಥೆಯನ್ನು ಹುಟ್ಟಿಸಿದ ಒಪ್ಪಂದದ ವಿರುದ್ಧ. ಸುನಾಮಿ ಪರಿಹಾರವನ್ನು ತಮಿಳು ಪ್ರತ್ಯೇಕತಾವಾದಿ ಸಂಘಟನೆಯಾದ ಎಲ್‌ಟಿಟಿಇ ಜೊತೆ ಹಂಚಿಕೊಳ್ಳುವ ವ್ಯವಸ್ಥೆಯನ್ನು ವಿರೋಧಿಸಿ 2005ರಲ್ಲಿ ಅದು ಸರ್ಕಾರದಿಂದ ಹೊರಬಂದಿತು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ವಿಲೀನವನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಅಸಿಂಧುಗೊಳಿಸಿದ್ದು ಆ ಪಕ್ಷದವರ ಅರ್ಜಿಯ ಮೇಲೆ. ಉತ್ತರ ಪ್ರಾಂತ್ಯದಲ್ಲಿ 2018ರ ಅಕ್ಟೋಬರ್‌ನಿಂದ ಚುನಾಯಿತ ಮಂಡಳಿಯೇ ಇಲ್ಲ. ಇಷ್ಟಾದರೂ ಈ ನವೆಂಬರ್‌ನಲ್ಲಿ ಜಾಫ್ನಾ ಜಿಲ್ಲೆಯ ಆರು ಸ್ಥಾನಗಳಲ್ಲಿ ಮೂರನ್ನು ಜನ ಇವರಿಗೇ ಕೊಟ್ಟರು. ಆ ತಮಿಳು ಮತದಾರನ ನಂಬಿಕೆ ಎಷ್ಟು ದೊಡ್ಡದು ಎಂದು ಒಮ್ಮೆ ಯೋಚಿಸಿ.

ಕಲ್ಯಾಣ ಕರ್ನಾಟಕದವರಾದ ನಮಗೆ ದೂರದ ರಾಜಧಾನಿ ಎಂದರೆ ಏನೆಂಬುದು ಗೊತ್ತು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಇಲ್ಲಿಗೆ ಬರುವವರೆಗೆ, ಜಾಮೀನು ಅರ್ಜಿಗಾಗಿ ಕಕ್ಷಿದಾರರನ್ನು ಕರೆದುಕೊಂಡು ಆರುನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ರಾತ್ರಿ ರೈಲು ಹತ್ತುತ್ತಿದ್ದ ದಿನಗಳು ನನಗೆ ನೆನಪಿವೆ. ಆಳಂದ ಕಡೆಯ ತಾಯಿಯೊಬ್ಬರು ಮಗನ ಪ್ರಕರಣಕ್ಕಾಗಿ ಸೆರಗಿನ ತುದಿಯಲ್ಲಿ ಟಿಕೆಟ್ಟಿನ ದುಡ್ಡು ಗಂಟು ಕಟ್ಟಿಕೊಂಡು ಬಂದಿದ್ದರು. ಬೋಗಿಯಲ್ಲಿ ಜಾಗ ಸಿಗದೆ ಬಾಗಿಲ ಬಳಿ ಕೂತು ಬಂದವರು ಮರುದಿನ ಪ್ರಕರಣ ಮುಂದೂಡಲ್ಪಟ್ಟಾಗ ಒಂದು ಮಾತೂ ಆಡಲಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ಚಿಂಚೋಳಿಯ ವೈಜನಾಥ ಪಾಟೀಲರಂತಹವರು ವರ್ಷಗಟ್ಟಲೆ ಹೋರಾಡಿದ್ದು ಇಂತಹ ಜನರಿಗಾಗಿ. ಜಾಫ್ನಾದ ಕಥೆ ಯುದ್ಧ ಕಂಡ ಕಥೆ, ಅದನ್ನು ನಮ್ಮದರ ಜೊತೆ ತೂಗುವುದು ತಪ್ಪಾದೀತು. ಆದರೂ ನಮ್ಮ ಮಾತನ್ನು ನಮ್ಮ ಊರಲ್ಲೇ ಕೇಳಿ ಎಂಬ ಬೇಡಿಕೆಯ ಅರ್ಥ ನಮಗಾದರೂ ಆಗಬೇಕು.

ಹೀಗಾಗಿ ‘ಹದವರಿತ ಆಡಳಿತ’ ಎಂಬ ಮಾತಿಗೇ ಇಲ್ಲಿ ಎರಡು ಅರ್ಥಗಳಿವೆ. ಹಣಕಾಸಿನಲ್ಲಿ ಹದವರಿಯುವುದೆಂದರೆ ಇದ್ದದ್ದನ್ನು ಮುಂದುವರಿಸುವುದು. ತಮಿಳರ ವಿಷಯದಲ್ಲಿ ಇದ್ದದ್ದನ್ನು ಮುಂದುವರಿಸುವುದೆಂದರೆ ಪಕ್ಷದ ಹಳೆಯ ಸಿದ್ಧಾಂತವನ್ನೇ ಮುಂದುವರಿಸಿದಂತೆ. ಅಲ್ಲಿ ಸುಮ್ಮನಿರುವುದೇ ಸಿದ್ಧಾಂತ, ಹೆಜ್ಜೆ ಇಡುವುದೇ ಹದ. ನನ್ನ ಆತಂಕವೆಂದರೆ, ಅವರು ಹಣಕಾಸಿನಲ್ಲಿ ಮೆಚ್ಚುಗೆ ಪಡೆದು, ಆ ಮೆಚ್ಚುಗೆಯ ನೆರಳಿನಲ್ಲಿ ಉಳಿದದ್ದನ್ನು ಹಾಗೆಯೇ ಬಿಟ್ಟುಬಿಡುತ್ತಾರೆ.


ಉತ್ತರ 5
ಸನ್ನತಿಯ ನೆರೆಯವನು, ಚಿತ್ತಾಪುರ ತಾಲ್ಲೂಕು

ನಾನು ರಾಜಕೀಯ ಪಂಡಿತನಲ್ಲ. ಕನಗನಹಳ್ಳಿಯ ಸ್ತೂಪದ ಬಳಿ, ಅಶೋಕನ ಶಿಲ್ಪ ಅವನ ಹೆಸರಿನ ಸಮೇತ ಸಿಕ್ಕ ಜಾಗದ ಪಕ್ಕದ ಊರಿನವನು. ಅಶೋಕನ ಮಗಳು ಬೋಧಿವೃಕ್ಷದ ಸಸಿ ತೆಗೆದುಕೊಂಡು ಹೋದಳೆಂದು ನಂಬುವ ಅನುರಾಧಪುರವನ್ನು ನೋಡಬೇಕೆಂಬ ಆಸೆಯಿಂದ 2023ರ ಫೆಬ್ರುವರಿಯಲ್ಲಿ ಒಂದು ಯಾತ್ರಾ ತಂಡದ ಜೊತೆ ಹೋಗಿದ್ದೆ.

ಅಲ್ಲಿನ ಆಟೋ ಚಾಲಕರೊಬ್ಬರು ಜೇಬಿನಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ತೆಗೆದು ತೋರಿಸಿದರು. ಅದರಲ್ಲಿ ಕ್ಯೂಆರ್ ಕೋಡ್ ಇತ್ತು. ವಾರಕ್ಕೆ ಇಷ್ಟೇ ಪೆಟ್ರೋಲ್ ಎಂದು ಸರ್ಕಾರ ಗೊತ್ತುಪಡಿಸಿದ್ದ ಕಾಲ ಅದು. ಬಂಕಿನವನು ಅದನ್ನು ಸ್ಕ್ಯಾನ್ ಮಾಡಿ, ಉಳಿದ ಲೀಟರ್ ಎಷ್ಟೆಂದು ನೋಡಿ ಹಾಕುತ್ತಿದ್ದ. ಅದೇ ತಿಂಗಳು ವಿದ್ಯುತ್ ದರ ಶೇ 66ರಷ್ಟು ಏರಿತ್ತು. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ಆ ಚಾಲಕರು ನನಗೆ ತಿಳಿಸಿದ್ದು ಇಷ್ಟು: ಮನೆಯಲ್ಲಿ ಫ್ಯಾನ್ ಒಂದೇ ಕೋಣೆಯಲ್ಲಿ ತಿರುಗುತ್ತದೆ, ಎಲ್ಲರೂ ಅಲ್ಲೇ ಮಲಗುತ್ತೇವೆ. ಬೋಧಿವೃಕ್ಷದ ಕಟ್ಟೆಯ ಕೆಳಗೆ ಬಿಳಿ ಬಟ್ಟೆ ಉಟ್ಟು ಹೂ ಹಿಡಿದು ನಿಂತಿದ್ದ ಜನರ ಸಾಲನ್ನು ನೋಡಿದಾಗ, ಇವರೆಲ್ಲ ಇನ್ನೆಷ್ಟು ದಿನ ತಾಳಿಕೊಳ್ಳಬಲ್ಲರು ಎಂದು ನನಗನ್ನಿಸಿತು.

ಬೀದರಿನ ಹಿರಿಯರಿಗೆ ನಾನು ಕೇಳಬೇಕೆಂದಿರುವುದು ಇದನ್ನೇ. ಸಾಲಗಾರನ ಕೈ ಕಟ್ಟಿದೆ ಎಂದಿರಿ. ಆ ಒಂದು ಫ್ಯಾನಿನ ಮನೆಯವರು ಮತ ಹಾಕಿದ್ದು ಹಳೆಯ ಲೆಕ್ಕವನ್ನೇ ಮುಂದುವರಿಸಲಿ ಎಂದಲ್ಲ. ಅವರ ಕೈ ಕಟ್ಟಿಲ್ಲವಲ್ಲ.


ಉತ್ತರ 6
ನಿವೃತ್ತ ಬ್ಯಾಂಕ್ ನೌಕರ, ಬೀದರ್

ಚಿತ್ತಾಪುರದವರ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಾನು ಸಾಲದ ಪತ್ರದ ಒಂದು ಬದಿಯನ್ನು ಮಾತ್ರ ಓದಿದೆ. ಷರತ್ತಿನ ಮೊತ್ತ ಬದಲಾಗದಿದ್ದರೂ ಅದನ್ನು ಯಾರಿಂದ ವಸೂಲು ಮಾಡಬೇಕು ಎಂಬ ಆಯ್ಕೆ ಸರ್ಕಾರದ ಕೈಯಲ್ಲೇ ಉಳಿಯುತ್ತದೆ. ಅಕ್ಕಿ, ಔಷಧ, ಶಾಲೆಯ ಪುಸ್ತಕದ ಮೇಲೆ ತೆರಿಗೆ ಇಳಿಸಿ, ತೆರಿಗೆ ತಪ್ಪಿಸಿಕೊಳ್ಳುವ ದೊಡ್ಡವರಿಂದ ಅದನ್ನು ತುಂಬಿಸಿಕೊಂಡರೆ ಲೆಕ್ಕವೂ ಸರಿಹೋಗುತ್ತದೆ, ಅವರ ತತ್ವವೂ ಉಳಿಯುತ್ತದೆ. ಫೆಬ್ರುವರಿಯಲ್ಲಿ ಬರಲಿರುವ ಬಜೆಟ್‌ನಲ್ಲಿ ನಾನು ಮೊದಲು ನೋಡುವುದು ಅದನ್ನೇ.

ವಕೀಲರ ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಹಣ ಬೇಡದ ಕೆಲಸಕ್ಕೆ ಯಾವ ಬೆಲೆಯನ್ನೂ ತೆರಬೇಕಿಲ್ಲ ಎಂಬಂತೆ ಅವರು ಬರೆದಿದ್ದಾರೆ. ನೇಪಾಳದಲ್ಲಿ ಬಂದೂಕು ಬಿಟ್ಟು ಬಂದ ಪ್ರಚಂಡ ಅವರು 2008ರಲ್ಲಿ ಪ್ರಧಾನಿಯಾಗಿ, ಸೇನಾ ಮುಖ್ಯಸ್ಥರನ್ನು ತೆಗೆಯಲು ಹೋಗಿ ಒಂಬತ್ತೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಅದಕ್ಕೂ ಒಂದು ರೂಪಾಯಿ ಬೇಕಿರಲಿಲ್ಲ. ಸೈನ್ಯ, ಭಿಕ್ಷು ಸಂಘ ಮತ್ತು ತಮ್ಮದೇ ಹಳೆಯ ಕಾರ್ಯಕರ್ತರು, ಈ ಮೂವರನ್ನೂ ಒಲಿಸಿಕೊಂಡೇ ದಿಸ್ಸನಾಯಕೆ ಅವರು ತಮಿಳರ ಉತ್ತರ ಪ್ರಾಂತ್ಯದ ಕಡೆ ಹೆಜ್ಜೆ ಇಡಬೇಕು. ನಿಧಾನವನ್ನು ನಾನು ಕ್ಷಮಿಸುತ್ತೇನೆ, ನಿಂತುಬಿಟ್ಟರೆ ಕ್ಷಮಿಸಲಾರೆ.


ಉತ್ತರ 7
ಸೇಡಂ ರಸ್ತೆಯ ಅಧ್ಯಾಪಕಿ

ನಾಳೆ ತರಗತಿಯಲ್ಲಿ ಆ ಹುಡುಗನಿಗೆ, ಅಧಿಕಾರ ಎಲ್ಲರನ್ನೂ ಮೆತ್ತಗೆ ಮಾಡುತ್ತದೆ ಎಂದು ನಾನು ಹೇಳಿದ್ದು ತಪ್ಪು ಎಂದು ಮೊದಲು ತಿಳಿಸುತ್ತೇನೆ. ಒಬ್ಬರೇ ನಾಯಕರು ಒಂದು ಖಾತೆಯಲ್ಲಿ ಹದವರಿತವರಾಗಿಯೂ ಇನ್ನೊಂದರಲ್ಲಿ ಹಳೆಯ ಸಿದ್ಧಾಂತದವರಾಗಿಯೂ ಇರಬಲ್ಲರು, ಖಾತೆಗಳನ್ನು ಬೇರೆ ಬೇರೆಯಾಗಿಯೇ ಓದಬೇಕು ಎಂಬುದನ್ನು ನಿಮ್ಮ ಉತ್ತರಗಳಿಂದ ಕಲಿತೆ. ವಕೀಲರಿಗೆ ಒಂದೇ ಪ್ರಶ್ನೆ ಉಳಿದಿದೆ. ವಿದ್ಯಾರ್ಥಿಗಳು ಮುಂದಿನ ವರ್ಷವಿಡೀ ಗಮನಿಸಬಹುದಾದ ಒಂದು ಗುರುತನ್ನು ಸೂಚಿಸಿ ಎಂದರೆ ಯಾವುದನ್ನು ಸೂಚಿಸುವಿರಿ?


ಉತ್ತರ 8
ವಕೀಲ, ಕಲಬುರಗಿ

ಬೀದರಿನ ಹಿರಿಯರ ತಕರಾರನ್ನು ಒಪ್ಪುತ್ತೇನೆ, ನೇಪಾಳದ ಉದಾಹರಣೆ ತೂಕದ್ದು. ಗುರುತನ್ನು ಕೇಳಿದಿರಿ. ಕಾಯ್ದೆ, ಮಂಡಳಿ, ಸಂವಿಧಾನ ಇವೆಲ್ಲ ದೊಡ್ಡವು, ಸಮಯ ಹಿಡಿಯುತ್ತವೆ. ಜಾಫ್ನಾ ಬಳಿ ಪಲಾಲಿಯಲ್ಲಿ ಸೈನ್ಯದ ಅತಿ ಭದ್ರತಾ ವಲಯದ ನಡುವೆ ಹಾದುಹೋಗುವ ಒಂದು ರಸ್ತೆ ಇದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮುಚ್ಚಿದ್ದ ಅದನ್ನು ಈ ನವೆಂಬರ್ ಮೊದಲಲ್ಲಿ ಜನರಿಗೆ ತೆರೆದರು. ಆದರೆ ಹಗಲು ಹೊತ್ತು ಮಾತ್ರ, ದಾರಿಯಲ್ಲಿ ಎಲ್ಲೂ ನಿಲ್ಲಿಸದೆ, ಫೋಟೊ ತೆಗೆಯದೆ ಹೋಗಬೇಕು ಎಂಬ ಷರತ್ತುಗಳ ಮೇಲೆ. ಎರಡೂ ಬದಿಯಲ್ಲಿರುವ ಜಮೀನಿನ ಮಾಲೀಕರು ತಮ್ಮದೇ ಹೊಲವನ್ನು ವಾಹನದಿಂದ ಇಳಿಯದೆ ನೋಡಿಕೊಂಡು ಮುಂದೆ ಹೋಗಬೇಕು. ಮುಂದಿನ ಡಿಸೆಂಬರ್ ಹೊತ್ತಿಗೆ ಆ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಹೊಲಕ್ಕೆ ಇಳಿಯಬಹುದೇ ಎಂದು ನಿಮ್ಮ ವಿದ್ಯಾರ್ಥಿಗಳು ನೋಡುತ್ತಿರಲಿ.